ಚಪ್ಪರದ ಕೆಳಗೆ ಬಿದ್ದ ದ್ರಾಕ್ಷಿ ಯಾರದು?



ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆ ದ್ರಾಕ್ಷಿಯ ಸೀಮೆ. ಕೂಡಲೂರು, ಸುರುಳಿಪಟ್ಟಿ, ಕಾಮಯಗೌಂಡನ್‌ಪಟ್ಟಿಯ ಸುತ್ತ ದ್ರಾಕ್ಷಿ ಚಪ್ಪರಗಳೇ ಚಪ್ಪರಗಳು. ಪಡುವಣಕ್ಕೆ ಹರಿದು ಸಮುದ್ರ ಸೇರುತ್ತಿದ್ದ ಪೆರಿಯಾರ್ ನದಿಗೆ ಅಣೆ ಕಟ್ಟಿ, 1895ರಲ್ಲಿ ಸುರಂಗದ ಮೂಲಕ ನೀರನ್ನು ಈ ಕಡೆಗೆ ತಿರುಗಿಸಿದ ಮೇಲೆ ಕಣಿವೆಯ ಬೇಸಾಯವೇ ಬದಲಾಯಿತು. ಇಲ್ಲಿನ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. 1832ರಲ್ಲಿ ಈ ತಳಿಯನ್ನು ತಮಿಳುನಾಡಿಗೆ ತಂದವರು ಒಬ್ಬ ಫ್ರೆಂಚ್ ಗುರುಗಳು ಎಂದು ಹೇಳಲಾಗುತ್ತದೆ.

ಈ ಕಣಿವೆಯಲ್ಲೂ ದಿಂಡಿಗಲ್ ಕಡೆಯಲ್ಲೂ ಕನ್ನಡ ಮನೆಮಾತಾಗಿರುವ ಒಕ್ಕಲಿಗ, ಕಪ್ಪಿಲಿಯ, ಅನುಪ್ಪ ಕುಟುಂಬಗಳು ತಲೆಮಾರುಗಳಿಂದ ಬಾಳುತ್ತಿವೆ. ಶಾಲೆ, ಸಂತೆ, ಕಚೇರಿ ಎಲ್ಲ ತಮಿಳಿನಲ್ಲಿ. ಅಡುಗೆಮನೆಯ ಮಾತು ಮಾತ್ರ ಕನ್ನಡ. ಈ ಎರಡು ಸಂಗತಿಗಳನ್ನು, ದ್ರಾಕ್ಷಿತೋಟವನ್ನೂ ಮನೆಮಾತನ್ನೂ, ನೆನಪಿನಲ್ಲಿಟ್ಟುಕೊಂಡು ಒಂದು ಹಳೆಯ ಪದ್ಧತಿಯ ಕಡೆಗೆ ನೋಡೋಣ.

ಕಂಬಂ ಕಣಿವೆಯಿಂದ ಕುಮಳಿ ಘಟ್ಟ ದಾಟಿ ಪಡುವಣಕ್ಕೆ ಹೋದರೆ ಕೊಚ್ಚಿ ಸಿಗುತ್ತದೆ. ಅಲ್ಲಿನ ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಯೆಹೂದ್ಯರ ಪ್ರಾರ್ಥನಾಮಂದಿರ ಇಂದಿಗೂ ಇದೆ. 1948ರಲ್ಲಿ ಇಸ್ರೇಲ್ ದೇಶ ಹುಟ್ಟಿದ ಮೇಲೆ ಕೊಚ್ಚಿಯ ಯೆಹೂದ್ಯರಲ್ಲಿ ಬಹುಪಾಲು ಜನ ಅಲ್ಲಿಗೆ ಹೊರಟುಹೋದರು. ಅದಕ್ಕೆ ಮುಂಚೆ ಶತಮಾನಗಳ ಕಾಲ, ಜಗತ್ತಿನ ಇತರ ಯೆಹೂದ್ಯರಂತೆ, ಅವರೂ ಪ್ರತಿ ಸಬ್ಬತ್ ದಿನ ತೋರಾದ ಒಂದು ಭಾಗವನ್ನು ಗಟ್ಟಿಯಾಗಿ ಓದುತ್ತಿದ್ದರು.

ತೋರಾ ಎಂದರೆ ನಮ್ಮ ಬೈಬಲಿನ ಮೊದಲ ಐದು ಗ್ರಂಥಗಳು. ಅವುಗಳನ್ನು 54 ಭಾಗ ಮಾಡಿ, ಕೆಲವು ವಾರ ಎರಡನ್ನು ಸೇರಿಸಿ, ಒಂದು ವರ್ಷದಲ್ಲಿ ಪೂರ್ತಿ ಓದುತ್ತಾರೆ. ಪ್ರಾಚೀನ ಕಾಲದಲ್ಲಿ ಇಸ್ರೇಲ್ ನಾಡಿನವರು ಇದಕ್ಕೆ ಸುಮಾರು ಮೂರು ವರ್ಷ ತೆಗೆದುಕೊಳ್ಳುತ್ತಿದ್ದರು; ಬಾಬಿಲೋನಿನವರ ಒಂದು ವರ್ಷದ ಕ್ರಮ ಕ್ರಮೇಣ ಎಲ್ಲೆಡೆ ಬೇರೂರಿತು. ಕೊನೆಯ ಭಾಗ ಮುಗಿದ ಹಬ್ಬದ ದಿನವೇ ಮತ್ತೆ ಆದಿಕಾಂಡದ ಆರಂಭವನ್ನು ಓದುತ್ತಾರೆ. ತೋರಾದ ನಂತರ ಪ್ರವಾದಿಗಳ ಗ್ರಂಥದಿಂದ ಒಂದು ವಾಚನ ಇರುತ್ತದೆ. ನಜರೇತಿನ ಪ್ರಾರ್ಥನಾಮಂದಿರದಲ್ಲಿ ಯೇಸುಸ್ವಾಮಿ ಎದ್ದುನಿಂತು ಯೆಶಾಯನ ಸುರುಳಿಯನ್ನು ಓದಿದ್ದು ನಮಗೆ ಗೊತ್ತೇ ಇದೆ (ಲೂಕ 4). ಅದು ಇಂಥದೇ ಒಂದು ಸಬ್ಬತ್ ದಿನ. ಮೋಶೆಯ ಧರ್ಮಶಾಸ್ತ್ರವನ್ನು ಊರೂರುಗಳಲ್ಲಿ ಪ್ರತಿ ಸಬ್ಬತ್ ದಿನ ಓದುತ್ತಾ ಬಂದಿದ್ದಾರೆ ಎಂಬುದಕ್ಕೆ ಪ್ರೇಷಿತರ ಕಾರ್ಯಕಲಾಪಗಳ 15ನೇ ಅಧ್ಯಾಯವೂ ಸಾಕ್ಷಿ.

ಈ ಓದಿನ ಮುಖ್ಯ ಗುಣ ಎಂದರೆ ಏನನ್ನೂ ಬಿಡದೆ ಓದುವುದು. ಇಷ್ಟವಾದ ಭಾಗಕ್ಕೂ ಕಷ್ಟವಾದ ಭಾಗಕ್ಕೂ ಅದರದರ ವಾರ ಬಂದೇ ಬರುತ್ತದೆ.

ಅಂಥ ಒಂದು ಭಾಗ ಯಾಜಕಕಾಂಡ 19 ಮತ್ತು 20ನೇ ಅಧ್ಯಾಯಗಳು. ಅದರ ಹೆಸರು 'ಕೆದೋಷಿಂ', ಅಂದರೆ ಪವಿತ್ರರು. ದೇವರು ಪವಿತ್ರರಾಗಿರುವುದರಿಂದ ನೀವೂ ಪವಿತ್ರರಾಗಿರಬೇಕು ಎಂಬ ಕರೆಯಿಂದ ಅದು ತೊಡಗುತ್ತದೆ. ಪವಿತ್ರತೆ ಎಂದಕೂಡಲೆ ನಮಗೆ ಜಪ, ಉಪವಾಸ, ಮೌನ ನೆನಪಾಗುತ್ತವೆ. ಆದರೆ ಕೆಲವೇ ವಚನಗಳಲ್ಲಿ ಮಾತು ಹೊಲಕ್ಕೂ ದ್ರಾಕ್ಷಿತೋಟಕ್ಕೂ ಬಂದುಬಿಡುತ್ತದೆ. ಹೊಲದ ಅಂಚಿನವರೆಗೂ ಕೊಯ್ಯಬೇಡ, ಹಕ್ಕಲು ಆಯಬೇಡ, ತೋಟದಲ್ಲಿ ಬಿದ್ದ ಹಣ್ಣನ್ನು ಎತ್ತಿಕೊಳ್ಳಬೇಡ. ಅದು ಬಡವರಿಗೂ ಪರದೇಶಿಗಳಿಗೂ ಇರಲಿ ಎಂಬುದು ಆಜ್ಞೆ. ಮುಂದೆಯೇ ಕೂಲಿಯವನ ಕೂಲಿಯನ್ನು ಬೆಳಗಿನವರೆಗೆ ಇಟ್ಟುಕೊಳ್ಳಬಾರದೆಂಬ ಮಾತು. ಯೇಸುಸ್ವಾಮಿ ಎತ್ತಿಹೇಳಿದ ನೆರೆಯವನನ್ನು ಪ್ರೀತಿಸುವ ಆಜ್ಞೆ ಬರುವುದು ಇವೆಲ್ಲದರ ಬಳಿಕ, 18ನೇ ವಚನದಲ್ಲಿ.

ಯೆಹೂದ್ಯ ಗುರುಗಳು ಇದನ್ನು ಬಹಳ ಸೂಕ್ಷ್ಮವಾಗಿ ಬಿಡಿಸಿದರು. ಕ್ರಿಸ್ತಶಕ 200ರ ಸುಮಾರಿಗೆ ರೂಪುಗೊಂಡ ಮಿಷ್ನಾದಲ್ಲಿ ಒಂದು ತೀರ್ಪಿದೆ: ಗೊಂಚಲು ಕತ್ತರಿಸುವಾಗ ಉದುರುವ ಹಣ್ಣು ತನಗೇ ಸಿಗಲೆಂದು ಬಳ್ಳಿಯ ಕೆಳಗೆ ಬುಟ್ಟಿ ಇಡುವವನು ಬಡವರನ್ನು ದೋಚುವವನು. ತೋಟ ಅವನದೇ, ಬುಟ್ಟಿಯೂ ಅವನದೇ. ಆದರೂ ಕಳವು! ಬಿದ್ದ ಹಣ್ಣು ಯಜಮಾನ ಕೊಡುವ ದಾನವಲ್ಲ, ಬಡವರ ಹಕ್ಕು.

ನಮ್ಮ ಧರ್ಮಸಭೆಯ ವಾಚನಕ್ರಮದಲ್ಲಿ ಇದು ಎಲ್ಲಿದೆ? ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಬೈಬಲಿನ ಭಂಡಾರವನ್ನು ಭಕ್ತಜನರಿಗೆ ಇನ್ನಷ್ಟು ಧಾರಾಳವಾಗಿ ತೆರೆಯಬೇಕೆಂದಿತು. 1969ರ ಆಗಮನ ಕಾಲದಿಂದ ಭಾನುವಾರಗಳಿಗೆ ಮೂರು ವರ್ಷಗಳ ವಾಚನಕ್ರಮ ಬಂತು. ಹಳೆಯ ಒಡಂಬಡಿಕೆಗೆ ದೊಡ್ಡ ಜಾಗ ಸಿಕ್ಕಿತು. ಆದರೂ ಅದು ಆಯ್ದ ವಾಚನ. ಯಾಜಕಕಾಂಡ 19 ಒಂದು ಭಾನುವಾರ ಬರುತ್ತದೆ: 1–2, 17–18ನೇ ವಚನಗಳು. ತಪಸ್ಸುಕಾಲದ ಮೊದಲ ವಾರದ ಸೋಮವಾರ ಮತ್ತೆ ಬರುತ್ತದೆ: 1–2, 11–18. ದ್ರಾಕ್ಷಿತೋಟ ಇರುವುದು 10ನೇ ವಚನದಲ್ಲಿ! ಎರಡು ಸಲವೂ ನಾವು ಅದರ ಪಕ್ಕದಲ್ಲೇ ಹಾದುಹೋಗುತ್ತೇವೆ. ಇದು ಧರ್ಮಸಭೆಯ ಮೇಲಿನ ದೂರಲ್ಲ. ಬಲಿಪೂಜೆಯಲ್ಲಿ ಎಲ್ಲವನ್ನೂ ಓದಲಾಗದು. ಉಳಿದದ್ದನ್ನು ಮನೆಯಲ್ಲಿ ಓದುವ ಹೊಣೆ ನಮ್ಮದು.

ಇದಕ್ಕೂ ಯೆಹೂದ್ಯರಲ್ಲಿ ದಾರಿಯಿದೆ. ಜನರ ಮಾತು ಅರಮಾಯ ಆಗಿದ್ದ ಕಾಲದಲ್ಲಿ ಒಬ್ಬರು ಹೀಬ್ರೂವಿನಲ್ಲಿ ಒಂದು ವಚನ ಓದಿದರೆ, ಪಕ್ಕದಲ್ಲಿ ನಿಂತವರು ಅದನ್ನು ಮನೆಮಾತಿಗೆ ತಂದು ಹೇಳುತ್ತಿದ್ದರು. ವಾರದ ಭಾಗವನ್ನು ಮನೆಯಲ್ಲಿ ಎರಡು ಸಲ ಮೂಲದಲ್ಲಿ, ಒಂದು ಸಲ ಅನುವಾದದಲ್ಲಿ ಓದಿಕೊಳ್ಳಬೇಕೆಂದು ತಾಲ್ಮೂದ್ ಹೇಳುತ್ತದೆ. ಕಂಬಂ ಕಣಿವೆಯ ಮಕ್ಕಳಂತೆ ಒಂದು ಭಾಷೆಯಲ್ಲಿ ಕೇಳಿ ಇನ್ನೊಂದರಲ್ಲಿ ಬದುಕುವವರಿಗೆ ಇದರ ಬೆಲೆ ಗೊತ್ತು. ನಮ್ಮಲ್ಲೂ ಶಾಲೆಯಲ್ಲಿ ಇಂಗ್ಲಿಷ್, ಮನೆಯಲ್ಲಿ ಕೊಂಕಣಿಯೋ ತಮಿಳೋ ತುಳುವೋ ಆಡುವವರು ಎಷ್ಟಿಲ್ಲ! ಮನೆಮಾತಿನಲ್ಲಿ ಹೇಳಿನೋಡಿದಾಗ ವಾಕ್ಯದ ಅರ್ಥವಷ್ಟೇ ಅಲ್ಲ, ಅದು ಯಾರ ಬಗ್ಗೆ ಮಾತಾಡುತ್ತಿದೆ ಎಂಬುದೂ ತಿಳಿಯುತ್ತದೆ.

ಯಾರ ಬಗ್ಗೆ? ಕಂಬಂ ಕಣಿವೆಯಿಂದ ಬೆಳಿಗ್ಗೆ ಜೀಪು ಹತ್ತಿ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಕೂಲಿಗೆ ಹೋಗಿ ಸಂಜೆ ಮರಳುವ ಹೆಂಗಸರ ಬಗ್ಗೆ. ನಮ್ಮ ಮನೆಯ ಪಾತ್ರೆ ತೊಳೆಯುವ ಅಕ್ಕನ ಬಗ್ಗೆ, ದೂರದ ರಾಜ್ಯದಿಂದ ಗಾರೆ ಕೆಲಸಕ್ಕೆ ಬಂದ ಹುಡುಗನ ಬಗ್ಗೆ. 'ಚಿಲ್ಲರೆ ಇಲ್ಲ, ನಾಳೆ ಬಾ' ಎಂದು ನಾವು ಎಷ್ಟು ಸುಲಭವಾಗಿ ಹೇಳಿಬಿಡುತ್ತೇವೆ!

ಈ ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ ಮೊದಲನೇ ವಾಚನದ ಅಧ್ಯಾಯವನ್ನು ಮನೆಯವರೆಲ್ಲ ಕೂತು ಪೂರ್ತಿ ಓದೋಣ. ಬಿಟ್ಟುಹೋದ ವಚನಗಳನ್ನು ಅಜ್ಜಿಗೂ ತಮ್ಮನಿಗೂ ತಿಳಿಯುವಂತೆ ಮನೆಮಾತಿನಲ್ಲಿ ಹೇಳೋಣ. ಆಮೇಲೆ ನಮ್ಮನ್ನೇ ಕೇಳಿಕೊಳ್ಳೋಣ: ನಮ್ಮ ಬುಟ್ಟಿ ಎಲ್ಲಿದೆ? ಬಳ್ಳಿಯ ಕೆಳಗಿದ್ದರೆ, ಸ್ವಲ್ಪ ಪಕ್ಕಕ್ಕೆ ಸರಿಸೋಣ.