ನೋವು, ಗಾಯ, ಜಖಂ: ಕಲಬುರಗಿಯ ಕಾನೂನು ಕನ್ನಡದಲ್ಲಿ ‘ಹರ್ಟ್’ ಪದದ ಚರಿತ್ರೆ

1860ರ ಭಾರತೀಯ ದಂಡ ಸಂಹಿತೆಯು ‘ಹರ್ಟ್’ ಮತ್ತು ‘ಇಂಜುರಿ’ ಪದಗಳಿಗೆ ಬೇರೆ ಬೇರೆ ವ್ಯಾಖ್ಯೆ ನೀಡಿ, ‘ಹಾರ್ಮ್’ ಪದವನ್ನು ವ್ಯಾಖ್ಯಾನಿಸದೆ ಬಿಟ್ಟಿತು. 319ನೆಯ ಕಲಂ ಪ್ರಕಾರ ಶರೀರಕ್ಕೆ ನೋವು, ರೋಗ ಅಥವಾ ಅಶಕ್ತತೆಯನ್ನು ಉಂಟುಮಾಡುವುದು ‘ಹರ್ಟ್’. 44ನೆಯ ಕಲಂನ ‘ಇಂಜುರಿ’ ಶರೀರಕ್ಕೆ ಸೀಮಿತವಲ್ಲ. ದೇಹ, ಮನಸ್ಸು, ಕೀರ್ತಿ, ಸ್ವತ್ತು ಇವುಗಳಲ್ಲಿ ಯಾವುದಕ್ಕೇ ಆಗಲಿ, ಕಾನೂನುಬಾಹಿರವಾಗಿ ಆದ ‘ಹಾರ್ಮ್’ ಅದರಲ್ಲಿ ಸೇರುತ್ತದೆ. ಇಂದಿನ ಇಂಗ್ಲಿಷ್ ಮಾತಿನಲ್ಲಿ ‘ಇಂಜುರಿ’ ಎಂದರೆ ಸಾಮಾನ್ಯವಾಗಿ ಮೈಗಾದ ಪೆಟ್ಟು. ಸಂಹಿತೆಯಾದರೋ ಲ್ಯಾಟಿನ್ ಮೂಲದ ‘ನ್ಯಾಯವಲ್ಲದ್ದು’ ಎಂಬ ಅರ್ಥದ ಬಳಿಯೇ ನಿಂತಿದೆ. ಈ ಪದಗಳು ಕನ್ನಡಕ್ಕೆ ಬಂದಾಗ ಅವುಗಳ ಗಡಿಗಳು ಎಲ್ಲಿ ಸರಿದವು ಎಂಬುದನ್ನು ಕಲಬುರಗಿಯ ಬಳಕೆಯಿಂದ ನೋಡುವುದು ಇಲ್ಲಿನ ಉದ್ದೇಶ.

ಕಲಬುರಗಿ ನಿಜಾಮರ ಹೈದರಾಬಾದ್ ಸಂಸ್ಥಾನದ ಭಾಗವಾಗಿತ್ತು. ಅಲ್ಲಿ 1884ರಲ್ಲಿ ಫಾರಸಿಯ ಜಾಗಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂದಿತು. ಸಂಸ್ಥಾನಕ್ಕೆ ತನ್ನದೇ ದಂಡ ಸಂಹಿತೆಯೂ ಇತ್ತು. ಭಾರತೀಯ ದಂಡ ಸಂಹಿತೆ ಇಲ್ಲಿ ಜಾರಿಗೆ ಬಂದದ್ದು 1951ರ ಏಪ್ರಿಲ್ 1ರಂದು. ಐದೂವರೆ ವರ್ಷಗಳ ಬಳಿಕ, 1956ರ ನವೆಂಬರ್ 1ರಂದು, ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. ಕಾನೂನು ಬದಲಾದಷ್ಟು ಬೇಗ ಮಾತು ಬದಲಾಗಲಿಲ್ಲ. ಜೇವರ್ಗಿ ಕಾಲೋನಿಯ ಮಾತಿನಲ್ಲಿ ‘ಕಾಲಿಗಿ ಪೆಟ್ಟಾಗ್ಯಾದ’ ಎನ್ನುವವರೇ ಕಮಲಾಪುರದ ಕೆಂಪು ಬಾಳೆ ಗಾಳಿಗೆ ಬಿದ್ದರೆ ‘ಲುಕ್ಸಾನ ಆಗ್ಯಾದ’ ಎನ್ನುತ್ತಾರೆ. ಅರಬ್ಬೀ ‘ನುಕ್ಸಾನ್’ ಪದದ ಆದಿ ನಕಾರ ಲಕಾರವಾಗಿ ವಿಷಮೀಕರಣಗೊಂಡಿದೆ. ಅರ್ಥ ಮಾತ್ರ ಸ್ವತ್ತಿನ ನಷ್ಟದಲ್ಲಿಯೇ ಉಳಿದಿದೆ.

‘ಜಖಂ’ ಪದದ ಪಯಣ ಇದಕ್ಕಿಂತ ಕುತೂಹಲಕರ. ಫಾರಸಿಯಲ್ಲಿ, ಉರ್ದುವಿನಲ್ಲಿ ಅದು ಮೈಮೇಲಿನ ಗಾಯ. ಕನ್ನಡ ಪತ್ರಿಕೆಗಳಲ್ಲಿ ಬಸ್ಸು ಜಖಂ ಆಗುತ್ತದೆ, ಪ್ರಯಾಣಿಕರಿಗೆ ಗಾಯವಾಗುತ್ತದೆ. ಕನ್ನಡದಲ್ಲಿ ಶರೀರದ ಸ್ಥಾನವನ್ನು ‘ಗಾಯ’ ಮೊದಲೇ ಹಿಡಿದಿದ್ದರಿಂದ ಆಮದಾದ ಪದ ವಸ್ತುಗಳ ಕಡೆಗೆ ಸರಿಯಿತು ಎಂದು ಊಹಿಸಬಹುದು. ದಖನಿ, ಕನ್ನಡ ಎರಡನ್ನೂ ಆಡುವವರ ಬಾಯಲ್ಲಿ ಒಂದೇ ಪದ ಒಂದು ಭಾಷೆಯಲ್ಲಿ ಮನುಷ್ಯನಿಗೂ ಇನ್ನೊಂದರಲ್ಲಿ ಬಂಡಿಗೂ ಸಲ್ಲುತ್ತದೆ.

ನಿಜವಾದ ತೊಡಕು ಇರುವುದು ‘ಗಾಯ’ದಲ್ಲಿ. ಸಂಸ್ಕೃತದ ‘ಘಾತ’, ಪ್ರಾಕೃತದ ‘ಘಾಅ’ ಇವುಗಳ ಮೂಲಕ ಬಂದ ಈ ಪದದ ಬುಡದಲ್ಲಿರುವುದು ಹೊಡೆತ. ‘ಹರ್ಟ್’ ಪದದ ಬುಡದಲ್ಲಿಯೂ ಅದೇ ಇದೆ; ಹಳೆಯ ಫ್ರೆಂಚಿನಲ್ಲಿ ಅದರ ಮೂಲ ಕ್ರಿಯಾಪದಕ್ಕೆ ಬಡಿ, ಡಿಕ್ಕಿ ಹೊಡೆ ಎಂಬ ಅರ್ಥವಿತ್ತು. ಉರ್ದು ಪೊಲೀಸ್ ಭಾಷೆಯ ‘ಜರ್ಬೆ ಶದೀದ್’, ‘ಜರ್ಬೆ ಖಫೀಫ್’ ಎಂಬಲ್ಲಿನ ‘ಜರ್ಬ್’ ಕೂಡ ಹೊಡೆತವೇ. ಮೂರೂ ಒಂದೇ ಕಡೆಯಿಂದ ಹೊರಟವು. ಆದರೆ ‘ಹರ್ಟ್’ ಒಳಗಿನ ಅನುಭವವನ್ನು, ಅಂದರೆ ನೋವನ್ನು ತಲುಪಿತು. ‘ಗಾಯ’ ಚರ್ಮದ ಮೇಲೆ ಕಾಣುವ ಗುರುತಿನಲ್ಲಿ ನಿಂತಿತು. ಕೂದಲು ಹಿಡಿದು ಎಳೆದಾಡಿದರೆ ಕಾನೂನಿನ ಕಣ್ಣಿಗೆ ಅದು ‘ಹರ್ಟ್’. ಕನ್ನಡದ ಕಿವಿಗೆ ಅದು ಗಾಯವಲ್ಲ. ‘ಹರ್ಟ್’ ಪದಕ್ಕೆ ‘ಗಾಯ’ವನ್ನೇ ಖಾಯಂ ಸಮಾನಪದವಾಗಿ ಇಟ್ಟುಕೊಂಡವರು, ಹೊಡೆಸಿಕೊಂಡ ಹೆಂಗಸು ‘ಗಾಯ ಆಗಿಲ್ಲ’ ಎಂದದ್ದನ್ನು ‘ಹರ್ಟ್ ಆಗಿಲ್ಲ’ ಎಂದು ಇಂಗ್ಲಿಷಿಗೆ ತಂದರೆ ಅವಳ ದೂರಿನ ತಿರುಳೇ ಕೈಬಿಟ್ಟಂತೆ.

ಈ ಕೊರತೆಯನ್ನು ಪೊಲೀಸರ ಕನ್ನಡ ತನ್ನದೇ ರೀತಿಯಲ್ಲಿ ತುಂಬಿಕೊಂಡಿದೆ. ರಕ್ತ ಬಂದರೆ ‘ರಕ್ತಗಾಯ’, ಬರದಿದ್ದರೆ ‘ಗುಪ್ತಗಾಯ’. ಕಲಬುರಗಿ ಭಾಗದ ಪ್ರಕರಣಗಳ ವರದಿಗಳಲ್ಲಿ ಎರಡೂ ಜೋಡಿಯಾಗಿಯೇ ಬರುತ್ತವೆ. ಕಾಣುವುದನ್ನೇ ಹೆಸರಿಸುವ ಪದಕ್ಕೆ ಕಾಣದ್ದನ್ನು ಹೊರಿಸುವ ‘ಗುಪ್ತಗಾಯ’ವನ್ನು ಭಾಷಾಶುದ್ಧಿಯವರು ಒಪ್ಪಲಿಕ್ಕಿಲ್ಲ, ನನಗಂತೂ ಅದು ಸಮರ್ಥ ಪದಸೃಷ್ಟಿ ಎನಿಸುತ್ತದೆ.

‘ಹಾರ್ಮ್’ ಪದಕ್ಕೆ ಅತಿ ಸಮೀಪದ ದೇಶ್ಯ ಪದ ‘ಕೇಡು’. ‘ಬಿಡು’ವಿನಿಂದ ‘ಬೀಡು’, ‘ಪಡು’ವಿನಿಂದ ‘ಪಾಡು’ ಆದಂತೆ ‘ಕೆಡು’ವಿನಿಂದ ಬಂದ ಇದು ಮಾನಗೇಡಿನವರೆಗೂ ಚಾಚುತ್ತದೆ. ಆದರೂ ಕಾನೂನಿನ ಕನ್ನಡ ಆರಿಸಿಕೊಂಡದ್ದು ಮಾನಹಾನಿ, ಜೀವಹಾನಿಗಳನ್ನು. ‘ಕೇಡು ಬಗೆ’ ಎಂಬ ನುಡಿಯಲ್ಲಿರುವಂತೆ ‘ಕೇಡು’ ದುರುದ್ದೇಶವನ್ನು ಜೊತೆಗೇ ತರುವುದು ಇದಕ್ಕೆ ಕಾರಣವಿರಬಹುದು. ಸಂಹಿತೆಯ ‘ಹಾರ್ಮ್’ ಹಾಗಲ್ಲ. ಸಾಮಾನ್ಯ ಬುದ್ಧಿಯವರು ದೂರದಷ್ಟು ಅಲ್ಪವಾದ ‘ಹಾರ್ಮ್’ ಅಪರಾಧವಲ್ಲವೆನ್ನುತ್ತದೆ 95ನೆಯ ಕಲಂ. ಎಸೆದ ಕಾಗದದ ಕಡತವೊಂದು ಮೊಣಕೈ ತರಚಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1966ರಲ್ಲಿ ಈ ಪದಕ್ಕೆ ನಿಘಂಟಿನ ಅರ್ಥವನ್ನೇ ಆಧರಿಸಿ, ಶಾರೀರಿಕ ಪೆಟ್ಟೂ ಅದರಲ್ಲಿ ಸೇರುತ್ತದೆಂದಿತು.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ‘ಹರ್ಟ್’ 114ನೆಯ ಕಲಂಗೆ ಸರಿದಿದೆ, ವ್ಯಾಖ್ಯೆ ಹಾಗೆಯೇ ಇದೆ. ಬದಲಾದದ್ದು ಅದರ ತೀವ್ರ ರೂಪದ ಒಂದು ಅಳತೆ: ಘೋರ ನೋವು ಉಳಿಯಬೇಕಾದ ಅವಧಿ 20 ದಿನಗಳಿಂದ 15 ದಿನಗಳಿಗೆ ಇಳಿದಿದೆ. ದಿನಗಳಲ್ಲಿ ಎಣಿಸಿದ ಈ ನೋವು ಸಹ ಪೊಲೀಸ್ ಕನ್ನಡದಲ್ಲಿ ‘ಭಾರಿ ಗಾಯ’ವೇ.