ಮೂಲೆಗಲ್ಲು ಮೇಲಕ್ಕೇಳುವುದೇಕೆ? ಕಲ್ಲುಕೂಚದ ಬೇಲಿಯ ಕುರಿತು ಒಂದು ಟಿಪ್ಪಣಿ

ಕೋಲಾರ, ಚಿಕ್ಕಬಳ್ಳಾಪುರ, ರಾಮನಗರ, ತುಮಕೂರು ಕಡೆಯ ಹೊಲ-ತೋಟಗಳ ತಂತಿಬೇಲಿಗೆ ಮರದ ಗೂಟಕ್ಕಿಂತ ಕಲ್ಲುಕೂಚ ಒಗ್ಗಿಹೋಗಿದೆ. ಕಾರಣ ನೆಲದಡಿಯಲ್ಲೇ ಇದೆ. ಈ ಸೀಮೆಯ ಬಹುಭಾಗ ಕೂತಿರುವುದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆಯ ಮೇಲೆ. ರಾಮನಗರದ ಬೆಟ್ಟಗಳದು ಅದಕ್ಕಿಂತ ಈಚಿನ, 250 ಕೋಟಿ ವರ್ಷದಷ್ಟು ಹಿಂದಿನ ಕ್ಲೋಸ್‌ಪೇಟೆ ಗ್ರಾನೈಟ್. ಸಾಲಾಗಿ ಕುಳಿ ಹೊಡೆದು ಉಳಿಯಿಟ್ಟು ಬಡಿದರೆ ಈ ಕಲ್ಲು ನೇರವಾಗಿ ಸೀಳುತ್ತದೆ. ಗೆದ್ದಲು ಹತ್ತುವುದಿಲ್ಲ, ತುಕ್ಕು ಹಿಡಿಯುವುದಿಲ್ಲ.

ಆದರೂ ಈ ಬೇಲಿ ಕೆಡುತ್ತದೆ. ಕೆಡುವುದು ಹೆಚ್ಚಾಗಿ ಮೂಲೆಯಲ್ಲಿ, ಇಲ್ಲವೇ ಗೇಟಿನ ಪಕ್ಕದಲ್ಲಿ. ನಡುವಿನ ಕಲ್ಲುಗಳೆಲ್ಲ ನೆಟ್ಟಗಿರುವಾಗ ಮೂಲೆಯದು ವಾಲುತ್ತದೆ ಅಥವಾ ಬುಡದಲ್ಲಿ ಮುರಿಯುತ್ತದೆ. ಸಪೋರ್ಟ್ ಕಲ್ಲು ಕೊಟ್ಟ ಮೇಲೂ ಕೆಲವು ಕಡೆ ಅದು ಗುಂಡಿಯಿಂದ ಮೇಲಕ್ಕೇಳುತ್ತದೆ. ಅರ್ಧ ಕ್ವಿಂಟಲಿಗೂ ಮಿಕ್ಕಿ ತೂಗುವ ಕಲ್ಲು ಮೇಲಕ್ಕೇಳುವುದೆಂದರೆ ಮೊದಲಿಗೆ ನಂಬಿಕೆ ಬರುವುದಿಲ್ಲ.

ಗಡಿಗೆ ಕಲ್ಲು ನೆಡುವುದು ನಮ್ಮಲ್ಲಿ ಹಳೆಯ ರೂಢಿ. ದಾನಭೂಮಿಯ ಎಲ್ಲೆಗೆ ಲಿಂಗಮುದ್ರೆ, ವಾಮನಮುದ್ರೆಯ ಕಲ್ಲುಗಳಿದ್ದವು; ಸರ್ವೆಯವರ ಬಾಂದಕಲ್ಲು ಇಂದಿಗೂ ಇದೆ. ಇವು ನಿಂತಿದ್ದರೆ ಸಾಕು, ಯಾರೂ ಎಳೆಯುವುದಿಲ್ಲ. ಕಳ್ಳಿ, ಕತ್ತಾಳೆಯ ಬೇಲಿಯೂ ಯಾವ ಕಲ್ಲನ್ನೂ ಎಳೆಯುತ್ತಿರಲಿಲ್ಲ. ಎಳೆತ ಬಂದದ್ದು ಮುಳ್ಳುತಂತಿಯೊಡನೆ. ಅಮೆರಿಕದ ಇಲಿನಾಯ್‌ನ ರೈತ ಜೋಸೆಫ್ ಗ್ಲಿಡನ್ ತನ್ನ ಮುಳ್ಳುತಂತಿಗೆ ಪೇಟೆಂಟ್ ಪಡೆದದ್ದು 1874ರಲ್ಲಿ. (ಮರ ವಿರಳವಾದ ಕಾನ್ಸಾಸ್‌ನ ಹುಲ್ಲುಗಾವಲಿನಲ್ಲಿ ನೆಲೆಸಿದವರು ಆ ಶತಮಾನದ ಕೊನೆಯ ದಶಕಗಳಲ್ಲಿ ಸುಣ್ಣಕಲ್ಲನ್ನು ನಮ್ಮವರಂತೆಯೇ ಕುಳಿ ಹೊಡೆದು ಸೀಳಿ ಕಂಬ ಮಾಡಿಕೊಂಡರು. ಆ ಶಿಲಾಪದರಕ್ಕೆ ಭೂವಿಜ್ಞಾನಿಗಳು ಇಟ್ಟ ಹೆಸರೇ ‘ಫೆನ್ಸ್‌ಪೋಸ್ಟ್’.) ತಂತಿ ಬಿಗಿಯಾಗಿದ್ದರಷ್ಟೇ ಬೇಲಿ. ನಡುಗಲ್ಲನ್ನು ಎರಡೂ ಕಡೆಯಿಂದ ಸಮನಾಗಿ ಎಳೆಯುವುದರಿಂದ ಅದಕ್ಕೆ ಭಾರವಿಲ್ಲ. ಸಾಲು ಮುಗಿಯುವಲ್ಲಿನ ಕಲ್ಲಿಗೆ ಪೂರ್ತಿ ಎಳೆತ ಒಂದೇ ಕಡೆಗೆ.

ಲೆಕ್ಕಕ್ಕಾಗಿ ಒಂದು ಕಲ್ಲನ್ನು ತೆಗೆದುಕೊಳ್ಳೋಣ: ಏಳು ಅಡಿ ಉದ್ದ, 10 ಸೆಂ.ಮೀ. ಚೌಕ, ಎರಡು ಅಡಿ ನೆಲದೊಳಗೆ. ತೂಕ ಸುಮಾರು 57 ಕೆ.ಜಿ. ನೆಲದಿಂದ 25 ಸೆಂ.ಮೀ.ಗೊಂದರಂತೆ ಐದು ಎಳೆ ತಂತಿ, ಎಳೆಯೊಂದಕ್ಕೆ 50 ಕೆ.ಜಿ. ಬಿಗಿ ಎನ್ನೋಣ. ಬುಡದಲ್ಲಿ ಕಲ್ಲನ್ನು ಬಾಗಿಸುವ ಬಲ 187 ಕೆ.ಜಿ.-ಮೀಟರ್ ಆಗುತ್ತದೆ. ಗ್ರಾನೈಟ್ ಒತ್ತಡಕ್ಕೆ ಚದರ ಸೆಂ.ಮೀ.ಗೆ ಸಾವಿರ ಕೆ.ಜಿ.ಗೂ ಮೀರಿ ತಡೆಯುತ್ತದೆ. ಬಾಗಿಸಿದರೆ ಅದರ ಹತ್ತರಲ್ಲೊಂದು ಪಾಲಿಗೇ ಸೋಲಬಹುದು. ಚದರ ಸೆಂ.ಮೀ.ಗೆ 100 ಕೆ.ಜಿ. ಹಿಡಿದರೆ ನಮ್ಮ ಕಲ್ಲು ತಾಳುವುದು 167 ಮಾತ್ರ. ಒಂಟಿಯಾಗಿ ಬಿಟ್ಟರೆ ಮುರಿಯಬೇಕಾದದ್ದೇ. ಮೂರು ಎಳೆಗೆ ಹೇಗೋ ನಿಂತೀತು, ಒಳಗೆ ಸೀಳುಗೆರೆ ಇಲ್ಲದಿದ್ದರೆ.

ಸಪೋರ್ಟ್ ಕಲ್ಲು ಈ ಬಾಗುವಿಕೆಯನ್ನು ಒತ್ತಡಕ್ಕೆ ತಿರುಗಿಸುತ್ತದೆ. ಅದನ್ನು ತಂತಿ ಎಳೆಯುವ ದಿಕ್ಕಿನಲ್ಲೇ, ಬೇಲಿಯ ಸಾಲಿನೊಳಗೆ ಓರೆಯಾಗಿ ಒರಗಿಸಬೇಕು. ಮೂಲೆಯಾದರೆ ಎರಡು ಸಾಲಿಗೆ ಎರಡು. 90 ಸೆಂ.ಮೀ. ಎತ್ತರದಲ್ಲಿ ತಾಗಿಸಿದರೆ ಮೂಲೆಗಲ್ಲಿನ ಮೇಲಿನ ಅತಿ ಹೆಚ್ಚಿನ ಬಾಗುಬಲ 187ರಿಂದ ಸುಮಾರು 22ಕ್ಕೆ ಇಳಿಯುತ್ತದೆ. ಮುರಿಯುವ ಭಯ ಅಲ್ಲಿಗೆ ತೀರಿತು.

ಆದರೆ ಓರೆಗಲ್ಲು ಪಕ್ಕಕ್ಕೆ ಮಾತ್ರ ತಳ್ಳುವುದಿಲ್ಲ, ಮೇಲಕ್ಕೂ ಎತ್ತುತ್ತದೆ. ಬೇಲಿ ಹಾಕುವಾಗ ಚರ್ಚೆಯೆಲ್ಲ ‘ಸಪೋರ್ಟ್ ಎಷ್ಟು ಎತ್ತರಕ್ಕೆ ಕೊಡಬೇಕು’ ಎಂಬುದರ ಸುತ್ತಲೇ ಸುತ್ತುತ್ತದೆ. ಎತ್ತುವ ಬಲಕ್ಕೂ ಆ ಎತ್ತರಕ್ಕೂ ಸಂಬಂಧವೇ ಇಲ್ಲ. ಒಂದು ಸಾಲಿನ ತಂತಿಗಳು ಬುಡದಲ್ಲಿ ಹುಟ್ಟಿಸುವ ಬಾಗುಬಲವನ್ನು (ಆ 187) ಓರೆಗಲ್ಲಿನ ಪಾದದ ದೂರದಿಂದ ಭಾಗಿಸಿದರೆ ಬರುವುದೇ ಆ ಸಾಲಿನ ಎತ್ತುವ ಬಲ. ಪಾದ 90 ಸೆಂ.ಮೀ. ದೂರದಲ್ಲಿದ್ದರೆ ಅದು 208 ಕೆ.ಜಿ.; 180 ಸೆಂ.ಮೀ.ಗೆ ಸರಿಸಿದರೆ 104. ಕಲ್ಲಿನ ಸ್ವಂತ ತೂಕ ಕಳೆದು ಉಳಿದದ್ದನ್ನು ಗುಂಡಿಯ ಮಣ್ಣೇ ಹಿಡಿದುಕೊಳ್ಳಬೇಕು: ಮೊದಲನೆಯದಕ್ಕೆ 151 ಕೆ.ಜಿ., ಎರಡನೆಯದಕ್ಕೆ 47. ಮಳೆಗೆ ಮಣ್ಣು ಸಡಿಲವಾದಾಗ ಈ ಅಂತರವೇ ನಿರ್ಣಾಯಕ.

ಇಲ್ಲಿ ಒಂದು ಮಿತವ್ಯಯ ಎಡವಟ್ಟಾಗುತ್ತದೆ. ಇಳಿಸುವಾಗ ಮುರಿದ ನಾಲ್ಕಡಿ ತುಂಡನ್ನು ಬಿಸಾಡಲು ಮನಸ್ಸಾಗದೆ ಸಪೋರ್ಟಿಗೆ ಬಳಸಿದರೆ ಅದರ ಪಾದ ಮೂರಡಿ ದಾಟುವುದಿಲ್ಲ. ಆರಡಿ ದೂರಕ್ಕೆ ಏಳಡಿಯ ಇಡೀ ಕಲ್ಲೇ ಬೇಕು. ಮೂಲೆಯಲ್ಲಿ ಒಂದು ಇಡೀ ಕಲ್ಲು ಉಳಿಸುವುದು ನನ್ನ ದೃಷ್ಟಿಯಲ್ಲಿ ಲಾಭದ ಲೆಕ್ಕವಲ್ಲ. ಇನ್ನು ಓರೆಗಲ್ಲಿನ ಮೇಲೆ ಬೀಳುವ ಒತ್ತಡ ಚದರ ಸೆಂ.ಮೀ.ಗೆ ಎರಡು-ಮೂರು ಕೆ.ಜಿ. ಅಷ್ಟೆ, ಕಲ್ಲಿಗೆ ಅದು ಲೆಕ್ಕಕ್ಕೇ ಇಲ್ಲ, ಪಾದದ ಮಣ್ಣಿಗೆ ಇದೆ. ಪಾದದ ಹಿಂದೆ ಒಂದು ಚಪ್ಪಟೆ ಕಲ್ಲನ್ನು ಹೂತು ಅದಕ್ಕೆ ಒದೆಗೊಡಬೇಕು. ಮೂಲೆಯ ಗುಂಡಿಗೆ ಅಗೆದ ಮಣ್ಣನ್ನೇ ತಿರುಗಿ ಸುರಿಯದೆ, ಕಲ್ಲುಚಕ್ಕೆ ಮತ್ತು ಗರಸನ್ನು ಗೇಣು ಗೇಣಾಗಿ ತುಂಬಿ ಹಾರೆಯ ಹಿಂತುದಿಯಿಂದ ಕುಟ್ಟುವುದು ಒಳ್ಳೆಯದು.

ಚಿಕ್ಕಬಳ್ಳಾಪುರದ ದ್ರಾಕ್ಷಿ ಚಪ್ಪರದಲ್ಲಿಯೂ ಇದೇ ಕಲ್ಲು, ಇದೇ ಎಳೆತ. ಅಂಚಿನ ಕಲ್ಲನ್ನು ಹೊರಕ್ಕೆ ವಾಲಿಸಿ, ಅದರಾಚೆ ನೆಲದಲ್ಲಿ ಹೂತ ಕಲ್ಲಿಗೆ ತಂತಿಯಿಂದ ಬಿಗಿಯುತ್ತಾರೆ. ಆಗ ಬಲ ತಿರುಗಿ ಅಂಚಿನ ಕಲ್ಲನ್ನು ನೆಲಕ್ಕೇ ಒತ್ತುತ್ತದೆ, ಮೇಲಕ್ಕೇಳುವ ಮಾತೇ ಇಲ್ಲ. ಬೇಲಿಗೂ ಇದೇ ಉಪಾಯ ಮೇಲು. ಆದರೆ ಬೇಲಿಯ ಕಲ್ಲು ನಿಂತಿರುವುದೇ ಬಾಂದಿನ ಮೇಲೆ. ಎಳೆತಂತಿಯ ಕಲ್ಲು ಹೂಳಬೇಕಾದ ಜಾಗ ಪಕ್ಕದ ಹೊಲದವರದು.