ದೊಡ್ಮನೆ ಹೆಗಡೆಯವರೂ ನಮ್ಮೂರ ಹಳ್ಳದ ಸಂಕವೂ

2023ರ ಜುಲೈ. ಬೆಂಗಳೂರಿಂದ ರಾತ್ರಿ ಬಸ್ಸಲ್ಲಿ ಶಿರಸಿಗೆ ಬಂದು, ಅಲ್ಲಿಂದ ಸಿದ್ದಾಪುರದ ಬಸ್ಸು ಹಿಡಿದು, ನೆನೆದ ಕಾಗೆಯಂತಾಗಿ ಮನೆ ಸೇರಿದ್ದೆ. ಹೊರಗೆ ಧೋ ಎಂದು ಮಳೆ. ಅದೃಷ್ಟಕ್ಕೆ ಕರೆಂಟಿತ್ತು, ಟೀವಿಯಲ್ಲಿ ರಾಜ್ಯ ಬಜೆಟ್ಟಿನ ಸುದ್ದಿ ಬರುತ್ತಿತ್ತು. ಸಿದ್ದರಾಮಯ್ಯನವರು 14ನೇ ಬಜೆಟ್ ಮಂಡಿಸಿ, ರಾಮಕೃಷ್ಣ ಹೆಗಡೆಯವರ 13 ಬಜೆಟ್‌ಗಳ ದಾಖಲೆ ಮುರಿದರು ಅಂತ.

"ಅಜ್ಜ, ನಿಮ್ಮ ಹೆಗಡೇರ ದಾಖಲೆ ಹೋತು ನೋಡು" ಅಂದೆ, ಸ್ವಲ್ಪ ಕೆಣಕೋಣ ಅಂತ.

ಅಜ್ಜ ಕವಳದ ಬಟ್ಟಲಿಂದ ತಲೆ ಎತ್ತಲೇ ಇಲ್ಲ. "ಆ ಲೆಕ್ಕ ಎಲ್ಲಾ ಬ್ಯಾಡ ತಮಾ. ಹಳ್ಳದ ಸಂಕ ಯಾವಾಗ ಆತು ಹೇಳಿ ಗೊತ್ತಿದ್ದಾ ನಿಂಗೆ?"

ಗೊತ್ತಿರಲಿಲ್ಲ. ದಿನಾ ಅದರ ಮೇಲೆ ಓಡಾಡಿಯೇ ಶಾಲೆಗೆ ಹೋದವನು ನಾನು. ಸಂಕ ಮೊದಲಿನಿಂದ ಅಲ್ಲೇ ಇತ್ತು ಅಂದುಕೊಂಡಿದ್ದೆ, ಹಳ್ಳದ ಹಾಗೆ.

ಆ ಒಂದು ಪ್ರಶ್ನೆಯಿಂದ ಶುರುವಾದ ಓದು ಇದು. ಸ್ವಲ್ಪ ಉದ್ದ ಆಗಿದೆ, ಸಹಿಸಿಕೊಳ್ಳಿ :-)

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಹೆಗಡೆಯವರು ತೀರಿಕೊಂಡದ್ದು 2004ರ ಜನವರಿ 12ರಂದು. ನಾನಾಗ ಇನ್ನೂ ಅಕ್ಷರ ಕಲಿಯುತ್ತಿದ್ದೆ. ನನ್ನ ಪಾಲಿಗೆ ಅವರು ಗೋಡೆಯ ಮೇಲಿನ ಒಂದು ಫೋಟೋ, ಬಿಳಿ ಗಡ್ಡ, ಶಾಲು, ಅಷ್ಟೆ. ನಮ್ಮ ಕಡೆ ಅವರ ಬಗ್ಗೆ ಮಾತು ಅಂದರೆ ಎರಡೇ ಥರ. ಒಂದೋ 'ಪ್ರಧಾನಿ ಆಗಬೇಕಾಗಿದ್ದ ಮನುಷ್ಯ', ಇಲ್ಲಾಂದ್ರೆ 'ಅಷ್ಟು ದೊಡ್ಡವರಾಗಿ ನಮ್ಮ ಜಿಲ್ಲೆಗೆ ಏನು ಮಾಡಿದ್ರು?' ಇಂಜಿನಿಯರಿಂಗ್ ಓದುವಾಗ ನಾನು ಪೂರ್ತಿ ಎರಡನೇ ಪಾರ್ಟಿಯಲ್ಲಿದ್ದೆ.

ಅವರು ಹುಟ್ಟಿದ್ದು 1926ರ ಆಗಸ್ಟ್ 29ರಂದು, ಸಿದ್ದಾಪುರ ತಾಲೂಕಿನ ದೊಡ್ಮನೆಯಲ್ಲಿ. ಸಿದ್ದಾಪುರದಿಂದ ಕುಮಟಾ ಕಡೆ ಘಟ್ಟ ಇಳಿಯುವ ದಾರಿಯಲ್ಲಿ ಸಿಗುವ ಊರು ಅದು. ಆ ಕಾಲದ ಸಿದ್ದಾಪುರ ಅಂದರೆ ಕರನಿರಾಕರಣೆಯ ಸಿದ್ದಾಪುರ. 1930ರ ದಶಕದ ಆರಂಭದಲ್ಲಿ ಇಲ್ಲಿನ ಮತ್ತು ಅಂಕೋಲೆಯ ರೈತರು ಬ್ರಿಟಿಷರಿಗೆ ಕಂದಾಯ ಕಟ್ಟುವುದಿಲ್ಲ ಎಂದು ಕೂತರು. ಸರ್ಕಾರ ಮನೆ, ಜಮೀನು, ಪಾತ್ರೆಪಗಡೆ ಎಲ್ಲ ಜಪ್ತಿ ಮಾಡಿತು. 'ಸರ್ಕಾರ' ಎಂಬುದಕ್ಕೆ ಎದುರು ನಿಲ್ಲಬಹುದು ಎನ್ನುವುದನ್ನು ಆ ಸೀಮೆಯ ಮಕ್ಕಳು ಮನೆಯಲ್ಲೇ ನೋಡಿ ಬೆಳೆದರು. ಹೆಗಡೆಯವರು ಕಾಶಿ ವಿದ್ಯಾಪೀಠದಲ್ಲಿ ಓದಿ, ಲಖನೌ ವಿಶ್ವವಿದ್ಯಾಲಯದಲ್ಲಿ ಕಾನೂನು ಪದವಿ ಮಾಡಿದರು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲಿಗೂ ಹೋಗಿ ಬಂದರು.

ಆಮೇಲಿನದು ಒಂದು ದೀರ್ಘ ಸರ್ವಿಸ್ ರೆಕಾರ್ಡ್. 1954ರಿಂದ 57ರವರೆಗೆ ಜಿಲ್ಲಾ ಕಾಂಗ್ರೆಸ್ ಅಧ್ಯಕ್ಷ. ಈ ಮಧ್ಯೆ, 1956ರ ನವೆಂಬರ್ 1ರಂದು, ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿತು. ಮರುವರ್ಷವೇ ಹೆಗಡೆ ಶಾಸಕರಾದರು, ಉಪಮಂತ್ರಿಯೂ ಆದರು. 1962ರಿಂದ 71ರವರೆಗೆ, ನಿಜಲಿಂಗಪ್ಪ ಮತ್ತು ವೀರೇಂದ್ರ ಪಾಟೀಲರ ಸಂಪುಟಗಳಲ್ಲಿ ಮಂತ್ರಿ. ಸಹಕಾರ, ಕೈಗಾರಿಕೆ, ಯೋಜನೆ, ಪಂಚಾಯತ್ ರಾಜ್, ಅಬಕಾರಿ, ಹಣಕಾಸು... ಒಂದಾದ ಮೇಲೊಂದು ಖಾತೆ. 13 ಬಜೆಟ್ಟುಗಳ ಲೆಕ್ಕ ಶುರುವಾದದ್ದೂ ಆ ಕಾಲದಲ್ಲೇ.

1969ರಲ್ಲಿ ಕಾಂಗ್ರೆಸ್ ಹೋಳಾದಾಗ ಇವರು ಇಂದಿರಾ ಗಾಂಧಿಯವರ ಕಡೆ ಹೋಗಲಿಲ್ಲ, ನಿಜಲಿಂಗಪ್ಪನವರ ಜೊತೆ ಉಳಿದರು. ಅಧಿಕಾರ ಹೋಯಿತು. ವಿಧಾನ ಪರಿಷತ್ತಿನಲ್ಲಿ ವಿರೋಧ ಪಕ್ಷದ ನಾಯಕರಾದರು. ತುರ್ತು ಪರಿಸ್ಥಿತಿಯಲ್ಲಿ ಸ್ವತಂತ್ರ ಭಾರತದ ಜೈಲನ್ನೂ ನೋಡಿದರು. ಆಮೇಲೆ ಜನತಾ ಪಕ್ಷ, 1978ರಿಂದ ರಾಜ್ಯಸಭೆ.

1983ರ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ 224ರಲ್ಲಿ 95 ಸೀಟು ಬಂತು, ಬಹುಮತ ಇಲ್ಲ. ವಿಧಾನಸಭೆಯ ಸದಸ್ಯರೇ ಅಲ್ಲದ ಹೆಗಡೆ, ಬಿಜೆಪಿ ಮತ್ತು ಎಡಪಕ್ಷಗಳ ಬೆಂಬಲದಿಂದ ಜನವರಿ 10ರಂದು ಮುಖ್ಯಮಂತ್ರಿಯಾದರು. ಅದು ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರ. ಗೆದ್ದು ಬಂದದ್ದು ಕನಕಪುರದ ಉಪಚುನಾವಣೆಯಲ್ಲಿ. 1985ರಲ್ಲಿ ಗೆದ್ದದ್ದು ಬಸವನಗುಡಿಯಿಂದ. ನಮ್ಮವರ 'ಜಿಲ್ಲೆಗೆ ಏನು ಮಾಡಿದ್ರು' ಎಂಬ ಅಸಮಾಧಾನದ ಬೇರು ಇಲ್ಲೂ ಇರಬಹುದು. ಮುಖ್ಯಮಂತ್ರಿ ನಮ್ಮವರು, ಆದರೆ ನಮ್ಮ ಶಾಸಕರಲ್ಲ!

ಇನ್ನು ರಾಜೀನಾಮೆಗಳ ಕಥೆ. ನಾನು ಎರಡನೇ ಪಾರ್ಟಿಯಲ್ಲಿ ಇದ್ದದ್ದೇ ಇವುಗಳಿಂದಾಗಿ.

ಮೊದಲನೆಯದು ಚೆಂದದ್ದು. 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸೀಟುಗಳಲ್ಲಿ ಜನತಾ ಪಕ್ಷಕ್ಕೆ ಸಿಕ್ಕಿದ್ದು ನಾಲ್ಕೇ. ವಿಧಾನಸಭೆಯ ಅವಧಿ ಇನ್ನೂ ಮೂರು ವರ್ಷ ಇತ್ತು. ಜನರ ವಿಶ್ವಾಸ ಹೋಗಿದೆ ಎಂದು ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚಿನಲ್ಲಿ 139 ಸೀಟು ಗೆದ್ದು ವಾಪಸ್ ಬಂದರು. ಮೂರು ತಿಂಗಳ ಅಂತರದಲ್ಲಿ ಅದೇ ಮತದಾರರು ದಿಲ್ಲಿಗೊಂದು, ಬೆಂಗಳೂರಿಗೊಂದು ತೀರ್ಪು ಕೊಟ್ಟರು.

ಎರಡನೆಯದು ಅಷ್ಟು ಚೆಂದದ್ದಲ್ಲ. ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಷಯದಲ್ಲಿ ಹೈಕೋರ್ಟು ಸರ್ಕಾರಕ್ಕೆ ಛೀಮಾರಿ ಹಾಕಿತು. 1986ರ ಫೆಬ್ರವರಿ 13ರಂದು ರಾಜೀನಾಮೆ ಕೊಟ್ಟರು. ಮೂರೇ ದಿನಕ್ಕೆ ವಾಪಸ್ ಬಂದು ಕೂತರು.

ಮೂರನೆಯದು 1988ರ ಆಗಸ್ಟ್. ದೂರವಾಣಿ ಕದ್ದಾಲಿಕೆಯ ಆರೋಪ. ತುರ್ತು ಪರಿಸ್ಥಿತಿಯಲ್ಲಿ ಜೈಲು ಕಂಡ ಮನುಷ್ಯನ ಸರ್ಕಾರ, ಬೇರೆಯವರ ಫೋನಿಗೆ ಕಿವಿ ಇಟ್ಟಿತ್ತು ಎಂಬ ಆರೋಪ. ಈ ಸಲ ಹೋದವರು ಮುಖ್ಯಮಂತ್ರಿಯಾಗಿ ಮತ್ತೆ ಬರಲಿಲ್ಲ. ಆಮೇಲೆ ಯೋಜನಾ ಆಯೋಗದ ಉಪಾಧ್ಯಕ್ಷರಾದರು, 1991ರಲ್ಲಿ ಬಾಗಲಕೋಟೆಯಲ್ಲಿ ಲೋಕಸಭೆಗೆ ನಿಂತು ಸೋತರು, 1996ರಲ್ಲಿ ತಾವೇ ಕಟ್ಟಿದ ಪಕ್ಷದಿಂದ ಉಚ್ಚಾಟಿತರಾದರು, ಲೋಕಶಕ್ತಿ ಕಟ್ಟಿದರು, 1998ರಲ್ಲಿ ವಾಜಪೇಯಿ ಸಂಪುಟದಲ್ಲಿ ವಾಣಿಜ್ಯ ಮಂತ್ರಿಯಾದರು. 1957ರ ಉಪಮಂತ್ರಿ 1999ರಲ್ಲೂ ಮಂತ್ರಿ! ನಡುನಡುವೆ ಬಿಡುವಿದ್ದರೂ ನಾಲ್ಕು ದಶಕ ದಾಟಿದ ಪಯಣ.

ಇಷ್ಟನ್ನು ಓದಿ ಮುಗಿಸಿದಾಗ ನನಗನ್ನಿಸಿದ್ದು: ಒಬ್ಬ ಜಾಣ ರಾಜಕಾರಣಿ, ಬೀಳುವುದು ಗೊತ್ತು, ಏಳುವುದೂ ಗೊತ್ತು. ಅಷ್ಟೇ ತಾನೆ?

ಆದರೆ ಸಂಕದ ಪ್ರಶ್ನೆ ಹಾಗೇ ಉಳಿದಿತ್ತಲ್ಲ.

ಅಜ್ಜನೇ ಹೇಳಿದ ಪ್ರಕಾರ, ಮೊದಲು ಅಲ್ಲಿದ್ದದ್ದು ಎರಡು ಅಡಿಕೆ ಮರ ಅಡ್ಡ ಹಾಕಿ ಬಳ್ಳಿಯಲ್ಲಿ ಕಟ್ಟಿದ ಕಾಲುಸಂಕ. ಪ್ರತಿ ಆಷಾಢಕ್ಕೂ ತೇಲಿ ಹೋಗುತ್ತಿತ್ತು. ಮಕ್ಕಳು ವಾರಗಟ್ಟಲೆ ಶಾಲೆ ತಪ್ಪಿಸುತ್ತಿದ್ದರು. ಅರ್ಜಿ ಬರೆದರೆ ತಾಲೂಕಿಗೆ, ಅಲ್ಲಿಂದ ಕಾರವಾರಕ್ಕೆ, ಅಲ್ಲಿಂದ ಎಲ್ಲಿಗೋ. ಉತ್ತರ ಬರುವಷ್ಟರಲ್ಲಿ ಇನ್ನೊಂದು ಮಳೆಗಾಲ.

1983ರಲ್ಲಿ ಹೆಗಡೆ ಸರ್ಕಾರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳ ಕಾಯಿದೆ ತಂದಿತು. ಅದರ ಹಿಂದೆ ಬಿದ್ದು ಕೆಲಸ ಮಾಡಿದವರು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಕೊಳವೆಬಾವಿ ತೆಗೆಸಿ 'ನೀರ್ ಸಾಬ್' ಅನ್ನಿಸಿಕೊಂಡ ಮಂತ್ರಿ. ರಾಷ್ಟ್ರಪತಿಗಳ ಅಂಕಿತ ಬೀಳುವಷ್ಟರಲ್ಲಿ 1985 ಆಯಿತು, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಕೆಲವೇ ನೂರು ಜನಕ್ಕೆ ಒಬ್ಬ ಮಂಡಲ ಸದಸ್ಯ. ಹೆಂಗಸರಿಗೆ 25% ಮೀಸಲು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಡಿ.ಸಿ.ಗಿಂತ ಸೀನಿಯರ್ ಐಎಎಸ್ ಅಧಿಕಾರಿ, ಅವರು ಚುನಾಯಿತ ಅಧ್ಯಕ್ಷರ ಕೈಕೆಳಗೆ. ಇದೇ ಥರದ ವ್ಯವಸ್ಥೆ ಇಡೀ ದೇಶಕ್ಕೆ ಬಂದದ್ದು 73ನೇ ತಿದ್ದುಪಡಿಯ ಮೂಲಕ, 1993ರಲ್ಲಿ.

ನಮ್ಮ ಆಫೀಸಲ್ಲಿ ಒಂದು ಸರ್ವರಿನ ಅಡ್ಮಿನ್ ಪಾಸ್‌ವರ್ಡ್ ಇನ್ನೊಂದು ಟೀಮಿಗೆ ಕೊಡಿ ಅಂದರೆ ಮ್ಯಾನೇಜರು ಆರು ಮೀಟಿಂಗ್ ಮಾಡಿಸುತ್ತಾರೆ. ಇಲ್ಲಿ ಒಬ್ಬ ಮುಖ್ಯಮಂತ್ರಿ ಇಡೀ ರಾಜ್ಯದಲ್ಲಿ ಅಧಿಕಾರ ಹಂಚಲು ಹೊರಟಿದ್ದರು. ಸ್ವಂತ ಪಕ್ಷದ ಶಾಸಕರಿಗೇ ಇದು ರುಚಿಸದ ವಿಷಯ ಅನ್ನುವುದನ್ನು ಬೇರೆ ಹೇಳಬೇಕೇ?

ಅಜ್ಜ ಆ 1987ರಲ್ಲಿ ಮಂಡಲ ಪಂಚಾಯ್ತಿ ಸದಸ್ಯ! ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಮೊದಲ ವರ್ಷವೇ ಸಂಕದ ಠರಾವು ಪಾಸು ಮಾಡಿಸಿದರಂತೆ. ಮರುವರ್ಷ ಸಿಮೆಂಟಿನ ಸಂಕ ಆಯಿತು. "ಯಾರ ಕಾಲೂ ಹಿಡಿಯಲ್ಲೆ ತಮಾ. ಯಂಗವೇ ಕುಂತು ಠರಾವು ಬರದ್ಯ" ಅಂದ ಅಜ್ಜನ ದನಿಯಲ್ಲಿ ಈಗಲೂ ಸೊಕ್ಕಿತ್ತು.

ಇನ್ನೊಂದು ಕಾಯಿದೆ, 1984ರ ಲೋಕಾಯುಕ್ತ. ಮುಖ್ಯಮಂತ್ರಿಯನ್ನೂ ತನಿಖೆಯ ವ್ಯಾಪ್ತಿಗೆ ತಂದ ಕಾಯಿದೆ. ಇದನ್ನು ಓದುವಾಗ ಯಲ್ಲಾಪುರ ನೆನಪಾಯಿತು. ಚಿಕ್ಕವನಿದ್ದಾಗ ರಜೆಗೆ ಅಲ್ಲಿ ಅತ್ತೆ ಮನೆಗೆ ಹೋಗುತ್ತಿದ್ದೆ. ಬಳ್ಳಾರಿ ಕಡೆಯಿಂದ ಅದಿರು ತುಂಬಿದ ಲಾರಿಗಳು ಸಾಲುಸಾಲಾಗಿ ಅರಬೈಲ್ ಘಟ್ಟ ಇಳಿದು ಬೇಲೆಕೇರಿ ಬಂದರಿಗೆ ಹೋಗುತ್ತಿದ್ದವು. ರಸ್ತೆ ಬದಿಯ ಗಿಡವೆಲ್ಲ ಕೆಂಪು, ಅತ್ತೆ ಒಣಗಿಸಿದ ಬಟ್ಟೆಯೂ ಕೆಂಪು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಅಕ್ರಮ ಗಣಿಗಾರಿಕೆ ವರದಿ ಬಂತು. ಹಾಲಿ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಡಬೇಕಾಯಿತು. ದೊಡ್ಮನೆಯ ಹೆಗಡೆ ತಂದ ಕಾಯಿದೆ, 27 ವರ್ಷದ ನಂತರ ಅವರ ಜಿಲ್ಲೆಯ ಘಟ್ಟದಲ್ಲೇ ಇಳಿದುಹೋದ ಲಾರಿಗಳ ಲೆಕ್ಕ ಕೇಳಿತ್ತು. ಆ ಲೋಕಾಯುಕ್ತದ ಹಲ್ಲು ಕೀಳುವ ಪ್ರಯತ್ನವೂ ನಡೆಯಿತು. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಅಂತ ಬೇರೆ ಮಾಡಿದರು. 2022ರಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು.

ಹಾಗಂತ ನಾನೀಗ ಮೊದಲನೇ ಪಾರ್ಟಿಗೆ ಹಾರಿದ್ದೇನೆ ಅಂದುಕೊಳ್ಳಬೇಡಿ. ಸಾರಾಯಿ ಗುತ್ತಿಗೆ ಸುಳ್ಳಾಗುವುದಿಲ್ಲ, ಮೂರು ದಿನದ ರಾಜೀನಾಮೆ ಮೂರೇ ದಿನದ್ದು. ಆದರೆ ನಾನು ತಪ್ಪು ಅಳತೆಗೋಲು ಹಿಡಿದಿದ್ದೆ. ಎಷ್ಟು ವರ್ಷ ಮಂತ್ರಿ, ಎಷ್ಟು ಬಜೆಟ್, ಎಷ್ಟು ರಾಜೀನಾಮೆ, ಇವೆಲ್ಲ ಕುರ್ಚಿಯ ಲೆಕ್ಕ. ಬಜೆಟ್ಟಿನ ದಾಖಲೆ ಇವತ್ತು ಒಬ್ಬರದು, ನಾಳೆ ಇನ್ನೊಬ್ಬರದು. ಕೈಯಲ್ಲಿದ್ದ ಅಧಿಕಾರದಲ್ಲಿ ಎಷ್ಟನ್ನು ಬೇರೆಯವರಿಗೆ, ಅದೂ ತನ್ನನ್ನೇ ಪ್ರಶ್ನೆ ಮಾಡಬಲ್ಲವರಿಗೆ, ಬಿಟ್ಟುಕೊಟ್ಟರು ಎಂಬ ಲೆಕ್ಕ ಬೇರೆ. ಆ ಲೆಕ್ಕದಲ್ಲಿ 'ಜಿಲ್ಲೆಗೆ ಏನು ಮಾಡಿದ್ರು' ಎಂಬ ಪ್ರಶ್ನೆಗೂ ಉತ್ತರ ಇದೆ. ಜಿಲ್ಲೆಗೆ ಬೇಕಾದ್ದನ್ನು ಜಿಲ್ಲೆಯವರೇ ಮಾಡಿಕೊಳ್ಳಲಿ ಅಂತ ಒಂದು ದಾರಿ ಮಾಡಿಕೊಟ್ಟಿದ್ದರು.

ಮರುದಿನ ಮಳೆ ಸ್ವಲ್ಪ ಬಿಟ್ಟಿತ್ತು. ಕೊಡೆ ಹಿಡಿದು ಸಂಕದ ಹತ್ತಿರ ಹೋದೆ. ಹಳ್ಳ ಕೆಂಪಗೆ ತುಂಬಿ ಹರಿಯುತ್ತಿತ್ತು. ಸಂಕದ ಮೇಲೆ ಯಾರ ಹೆಸರಿನ ಕಲ್ಲೂ ಇಲ್ಲ. ಹೆಗಡೆಯವರದ್ದೂ ಇಲ್ಲ, ಅಜ್ಜನದ್ದೂ ಇಲ್ಲ. ಶಾಲೆ ಮಕ್ಕಳಿಬ್ಬರು ಚೀಲವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಓಡುತ್ತಾ ದಾಟಿದರು.

ನಿಮ್ಮೂರಲ್ಲೂ ಇಂಥ ಸಂಕವೋ, ಬಾವಿಯೋ, ಶಾಲೆಯ ಮಾಡೋ ಇರಬಹುದು. ಯಾವ ವರ್ಷದ್ದು, ಯಾರು ಠರಾವು ಬರೆದದ್ದು ಅಂತ ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಕೇಳಿದ್ದನ್ನು ಬರೆಯಿರಿ, ಓದಲು ನಾನಂತೂ ಕಾಯುತ್ತಿರುತ್ತೇನೆ.